ಬ್ಯೂಟಿ ಕೋರ್ಸ್ ಹುಡ್ಗೀರು ಥಿಯರಿಲಿ ಯಾಕೆ ಡುಮ್ಕಿ ಹೊಡೀತಾರೆ?

ಕೊಡಗಿನ ಗೋಣಿಕೊಪ್ಪದಲ್ಲಿ ಬ್ಯೂಟಿಷಿಯನ್ ಕೋರ್ಸ್ ಹೇಳ್ಕೊಡ್ತೀನಿ. ಸೇರೋರಲ್ಲಿ ಹೆಚ್ಚಿನವ್ರು ಎಸ್ಸೆಸ್ಸೆಲ್ಸಿ ಹೇಗೋ ದಾಟ್ಕೊಂಡು ಬಂದವ್ರು. ಓದು ತಲೆಗೆ ಹತ್ತಲ್ಲ, ಇದಾದ್ರೂ ಕಲೀಲಿ ಅಂತ ಅಪ್ಪ ಅಮ್ಮ ಮಗಳ ಎದುರೇ ಹೇಳ್ತಾರೆ, ನಂಗೆ ಮೈ ಉರಿಯತ್ತೆ.

ಆದ್ರೆ ಥ್ರೆಡಿಂಗ್‌ಗೆ ದಾರ ಕೊಟ್ಟು ನೋಡಿ, ಎಂಥಾ ಕೈ ಅಂತೀರಿ! ಪ್ರಾಕ್ಟಿಕಲ್ಲಲ್ಲಿ ಮಾರ್ಕ್ಸ್ ಕಳ್ಕೊಳೋರೇ ಕಮ್ಮಿ. ಥಿಯರಿ ಪೇಪರ್ ಬಂದ್ರೆ ಮಾತ್ರ ಕೈ ನಡುಗತ್ತೆ. ಇಂಟ್ರೆಸ್ಟ್ ಇಲ್ಲ ಅಂತಲ್ಲ, ಮೊದಲ್ನೇ ವಾರವೇ ಕ್ಯೂಟಿಕಲ್, ಕಾರ್ಟೆಕ್ಸ್, ಮೆಡುಲ್ಲಾ ಅಂತ ಕೂದ್ಲಿನ ಪದರಗಳ ಹೆಸ್ರು ಬಾಯಿಪಾಠ ಮಾಡ್ಸಿದ್ರೆ ಯಾರಿಗೆ ತಾನೇ ನಿದ್ದೆ ಬರಲ್ಲ?

ಈ ಸಲದ ಬ್ಯಾಚಿಗೆ ಜುಲೈ ಮಳೇಲಿ ಪುಸ್ತಕ ಮುಚ್ಚಿಟ್ಟು ಕೇಳ್ದೆ, ಬೆಳಿಗ್ಗೆ ಐರನ್ ಮಾಡ್ಕೊಂಡ ಕೂದ್ಲು ಬಸ್ ಸ್ಟ್ಯಾಂಡ್ ಮುಟ್ಟೋದ್ರೊಳಗೆ ಯಾಕೆ ಪೊದೆ ಆಗತ್ತೆ? ಎಲ್ರಿಗೂ ಆಗಿರೋದೇ, ನಗು ಶುರುವಾಯ್ತು. ಆಮೇಲೆ ಬಿಡಿಸಿ ಹೇಳ್ದೆ: ಐರನ್ ಬಿಸಿಗೆ ಬದಲಾಗೋದು ಕೂದ್ಲೊಳಗಿನ ಹೈಡ್ರೋಜನ್ ಬಾಂಡ್ ಅನ್ನೋ ಸಡಿಲ ಬೆಸುಗೆ, ಅದು ಗಾಳಿಲಿರೋ ತೇವಕ್ಕೇ ಬಿಟ್ಕೊಳತ್ತೆ, ಪಾರ್ಲರಲ್ಲಿ ಕೂದ್ಲು ನೆಟ್ಟಗೆ ಮಾಡ್ಸೋ ರೀಬಾಂಡಿಂಗಲ್ಲಿ ಡೈಸಲ್ಫೈಡ್ ಬಾಂಡ್ ಅನ್ನೋ ಗಟ್ಟಿ ಬೆಸುಗೇನೇ ಕೆಮಿಕಲ್ ಹಾಕಿ ಮುರಿದು ನೆಟ್ಟಗೆ ಮಾಡಿ ನ್ಯೂಟ್ರಲೈಸರ್ ಅನ್ನೋ ಇನ್ನೊಂದು ಕೆಮಿಕಲಲ್ಲಿ ಮತ್ತೆ ಕೂರಿಸ್ತಾರೆ, ಹಾಗಾಗಿ ನೆನೆದ್ರೂ ಅದು ನೆಟ್ಟಗೇ, ಬುಡದಿಂದ ಹೊಸ ಕೂದ್ಲು ಬರೋ ತನಕ. ನಾಪೋಕ್ಲು ಕಡೆ ಹುಡ್ಗಿ, ಸೈನ್ಸಲ್ಲಿ ಜಸ್ಟ್ ಪಾಸ್, ಥಟ್ಟಂತ ಕೇಳಿದ್ಲು, "ಮೇಡಂ, ಮಾಡ್ಸಿದ್ದಕ್ಕೇ ಮತ್ತೆ ಮಾಡಿದ್ರೆ ಕೂದ್ಲು ತುಂಡಾಗಲ್ವಾ?" ಆಗತ್ತೆ ಕಣಮ್ಮ! ಪಾರ್ಲರ್ ಇಟ್ಕೊಂಡಿರೋ ಎಷ್ಟೋ ಜನಕ್ಕೆ ಈ ಪ್ರಶ್ನೆ ಹೊಳೆಯಲ್ಲ.

ಆಮೇಲೆ ಹೇರ್ ಕಲರ್ ಪಾಠ ಸಲೀಸಾಯ್ತು. ಕಲರ್ ಜೊತೆ ಬೆರೆಸೋ ಡೆವಲಪರ್ 20 ವಾಲ್ಯೂಮ್ ಅಂದ್ರೆ ಅದ್ರಲ್ಲಿ 6 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್, 40 ಅಂದ್ರೆ 12. ಹೇರ್ ಡೈನಲ್ಲಿರೋ ಪಿಪಿಡಿ ಅನ್ನೋ ಕೆಮಿಕಲ್ ಕೆಲವರಿಗೆ ಆಗಿಬರಲ್ಲ, ಮುಖ ಊದ್ಕೊಳತ್ತೆ, ಅದಕ್ಕೇ 48 ಗಂಟೆ ಮೊದ್ಲು ಚರ್ಮದ ಮೇಲೆ ಒಂಚೂರು ಹಚ್ಚಿ ನೋಡೋ ಪ್ಯಾಚ್ ಟೆಸ್ಟ್. ಮದುವೆ ಹಿಂದಿನ ದಿನ ಬಂದು ಈಗ್ಲೇ ಕಲರ್ ಮಾಡಿ ಅನ್ನೋರಿಗೆ ಏನು ಹೇಳ್ತೀರಿ ಅಂತ ಟೆಸ್ಟಲ್ಲಿ ಕೇಳಿದ್ದೆ, ಪುಟಗಟ್ಲೆ ಬರೆದಿದ್ರು.

ಎಲ್ರೂ ಪಾಸಾದ್ರು ಅಂತ ಬುರುಡೆ ಬಿಡಲ್ಲ. ಕಾಫಿ ಕೊಯ್ಲು ಶುರುವಾದ್ರೆ ಅರ್ಧ ಕ್ಲಾಸ್ ಖಾಲಿ, ತಪ್ಪಿದ ಪಾಠ ಮಾರ್ಕ್ಸಲ್ಲಿ ಕಾಣತ್ತೆ. ಮುಂದಿನ ಬ್ಯಾಚಿಗೆ ಕೆಮಿಸ್ಟ್ರಿ ಪೂರ್ತಿ ಡಿಸೆಂಬರ್ ಒಳಗೇ ಮುಗಿಸ್ತೀನಿ, ಕೊಯ್ಲಿನ ಟೈಮಿಗೆ ಮೆಹಂದಿ, ಮ್ಯಾನಿಕ್ಯೂರ್ ಇಟ್ಕೊಂಡ್ರಾಯ್ತು.