ಡಾಂಗಲ್ ಸರಿಯಿತ್ತು, ಚುಚ್ಚಿದ ಜಾಗ ಸರಿಯಿರಲಿಲ್ಲ

ದಾವಣಗೆರೆಯ ಒಂದು ಆಡಿಟರ್ ಆಫೀಸಿನ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಅಲ್ಲಿ ತಿಂಗಳ 20ನೇ ತಾರೀಖು ಬಂತೆಂದರೆ ಯಾರಿಗೂ ಊಟದ ನೆನಪಿರುವುದಿಲ್ಲ. ತಿಂಗಳಿಗೊಮ್ಮೆ ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ರಿಟರ್ನ್ ತುಂಬುವವರಿಗೆ ಅವತ್ತೇ ಕೊನೆ ದಿನ. ಅಂಥದ್ದೇ ಒಂದು ಬೆಳಿಗ್ಗೆ ಅಕೌಂಟೆಂಟ್ ಮೇಡಂ ಫೋನ್ ಮಾಡಿದರು. "ಲ್ಯಾಪ್‌ಟಾಪ್‌ನಲ್ಲಿ ವೈಫೈ ಗುರುತೇ ಕಾಣ್ತಿಲ್ಲ, ಬೇಗ ಬನ್ನಿ."

ಡಿವೈಸ್ ಮ್ಯಾನೇಜರ್ ತೆಗೆದರೆ ವೈಫೈ ಕಾರ್ಡಿನ ಮೇಲೆ ಹಳದಿ ತ್ರಿಕೋನ, ಕೋಡ್ 10, ಅಂದರೆ ಕಾರ್ಡ್ ಶುರುವಾಗುತ್ತಿಲ್ಲ. ಕಾರ್ಡ್ ನಡೆಸುವ ಸಾಫ್ಟ್‌ವೇರ್ (ಡ್ರೈವರ್) ತೆಗೆದು ಮತ್ತೆ ಹಾಕಿದೆ. ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದೆ. ಎಷ್ಟೋ ಸಲ ಇಷ್ಟಕ್ಕೇ ಕಾರ್ಡ್ ಎದ್ದು ಕೂರುತ್ತದೆ. ಈ ಸಲ ಏಳಲಿಲ್ಲ. ತೆಳು ಲ್ಯಾಪ್‌ಟಾಪ್ ಬೇರೆ, ನೆಟ್ ವೈರ್ ಚುಚ್ಚುವ ಲ್ಯಾನ್ ಪೋರ್ಟ್ ಇಲ್ಲ. ಬ್ಯಾಗಿನಲ್ಲಿದ್ದ ಉಗುರಿನಷ್ಟು ಚಿಕ್ಕ ಯುಎಸ್‌ಬಿ ವೈಫೈ ಡಾಂಗಲ್ ಚುಚ್ಚಿದೆ.

ಅದು ಮೊದಲು ಸಿಡಿ ಡ್ರೈವ್ ಅಂತ ತೋರಿಸಿತು. ಗಾಬರಿ ಬೇಡ, ಕೆಲವು ಡಾಂಗಲ್‌ಗಳು ತಮ್ಮ ಡ್ರೈವರನ್ನು ಹೀಗೆ ಒಳಗೇ ಇಟ್ಟುಕೊಂಡು ಬರುತ್ತವೆ. ಸೆಟಪ್ ಓಡಿಸಿದ ಮೇಲೆ ವೈಫೈ ಆಗಿ ಬದಲಾಗುತ್ತವೆ. ಇನ್ನೊಂದು ತೊಡಕೂ ಇತ್ತು. ಆ ಆಫೀಸಿನ ರೂಟರ್, ತನ್ನ ಪಟ್ಟಿಯಲ್ಲಿರುವ ಮ್ಯಾಕ್ ಅಡ್ರೆಸ್‌ಗಳನ್ನು (ಪ್ರತಿ ವೈಫೈ ಕಾರ್ಡಿನ ಗುರುತಿನ ಸಂಖ್ಯೆ) ಮಾತ್ರ ಒಳಗೆ ಬಿಡುತ್ತದೆ. ಡಾಂಗಲ್ಲಿನದು ಹೊಸ ಅಡ್ರೆಸ್ ಅಲ್ವಾ, ಅದನ್ನೂ ಸೇರಿಸಿದೆ. ಕೆಟ್ಟ ಕಾರ್ಡನ್ನು ಡಿಸೇಬಲ್ ಮಾಡಿದೆ. ನೆಟ್ ಬಂತು, ನಾನು ಹೊರಟೆ.

ಮಧ್ಯಾಹ್ನ ಮತ್ತೆ ಫೋನ್. ನೆಟ್ ಬರುತ್ತೆ, ಹೋಗುತ್ತೆ, ಪೋರ್ಟಲ್‌ನಲ್ಲಿ ಒಟಿಪಿ ಹಾಕುವಷ್ಟರಲ್ಲಿ ಕಟ್. ಹೋಗಿ ಪಕ್ಕದಲ್ಲಿ ಕೂತು ನೋಡಿದೆ. ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಮೇಡಂ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಬ್ಯಾಕಪ್ ತೆಗೆಯಲು ಹಾರ್ಡ್ ಡಿಸ್ಕ್ ಸಿಕ್ಕಿಸಿದರು, ಡಾಂಗಲ್ಲಿನ ಪಕ್ಕದ ನೀಲಿ ಪೋರ್ಟಿಗೆ, ಅಂದರೆ ವೇಗದ ಯುಎಸ್‌ಬಿ 3.0 ಪೋರ್ಟಿಗೆ. ಕಾಪಿ ಶುರುವಾಯಿತು, ಸಿಗ್ನಲ್ ಕಡ್ಡಿಗಳು ಒಂದಕ್ಕೆ ಇಳಿದವು. ಡಿಸ್ಕ್ ತೆಗೆಸಿದೆ, ಕಡ್ಡಿಗಳು ಏರಿದವು. ಮತ್ತೆ ಹಾಕಿಸಿದೆ, ಮತ್ತೆ ಇಳಿದವು.

ಯುಎಸ್‌ಬಿ 3.0 ಓಡುವಾಗ ಅದರ ಪೋರ್ಟ್, ವೈರುಗಳಿಂದ ರೇಡಿಯೋ ಗದ್ದಲ ಸೋರುತ್ತದೆ. ಅದು ವೈಫೈ ಬಳಸುವ ತರಂಗಗಳಲ್ಲೊಂದಾದ 2.4 ಗಿಗಾಹರ್ಟ್ಸ್ ಸುತ್ತಲೂ ಹರಡುತ್ತದೆ ಎಂದು ಇಂಟೆಲ್ 2012ರಲ್ಲೇ ಅಳೆದು ತೋರಿಸಿದೆ. ನನ್ನ ಡಾಂಗಲ್ ಹಿಡಿಯುವುದು 2.4 ಒಂದನ್ನೇ. ಅದರ ಪುಟ್ಟ ಆಂಟೆನಾ ಆ ಗದ್ದಲದಿಂದ ಎರಡು ಬೆರಳಿನಷ್ಟು ದೂರದಲ್ಲಿತ್ತು. ಜಾತ್ರೆಯಲ್ಲಿ ಮೈಕಿನ ಕೆಳಗೆ ನಿಂತು ಫೋನಿನಲ್ಲಿ ಮಾತಾಡಿದ ಹಾಗೆ. ಲ್ಯಾಪ್‌ಟಾಪಿನ ಒಳಗಿನ ಕಾರ್ಡಿಗೆ ಸಾಮಾನ್ಯವಾಗಿ ಈ ಕಷ್ಟ ಕಡಿಮೆ, ಅದರ ಆಂಟೆನಾ ವೈರುಗಳು ಹೆಚ್ಚಾಗಿ ಸ್ಕ್ರೀನಿನ ಅಂಚಿನವರೆಗೆ ಹೋಗಿರುತ್ತವೆ.

ಪಕ್ಕದ ಅಂಗಡಿಯಿಂದ ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರ್ ತಂದೆ. ಡಾಂಗಲ್ಲನ್ನು ಅದರ ತುದಿಗೆ ಹಾಕಿ, ಲ್ಯಾಪ್‌ಟಾಪ್‌ನಿಂದ ದೂರ, ಫೈಲ್ ರ‍್ಯಾಕಿನ ಮೇಲೆ ಟೇಪ್ ಹಚ್ಚಿದೆ. ಬ್ಯಾಕಪ್ ಓಡುತ್ತಿದ್ದಾಗಲೇ ಕಡ್ಡಿಗಳು ನಾಲ್ಕಕ್ಕೆ ನಾಲ್ಕೂ ನಿಂತವು. ಮೇಡಂ ಮಾತಾಡದೆ ಮುಂದಿನ ಫೈಲ್ ತೆಗೆದರು. ಸಂಜೆ ಏಳಕ್ಕೆ ಕೊನೆಯ ರಿಟರ್ನ್ ಹೋಯಿತು.

ಬೆಳಿಗ್ಗೆ ಹೊರಡುವ ಮುಂಚೆ ನಾನು ಕೇಳಬೇಕಿದ್ದ ಮಾತು ಒಂದೇ: "ಇದರ ಪಕ್ಕ ಇನ್ನೇನು ಹಾಕ್ತೀರಿ ಮೇಡಂ?" ಈಗ ಎಲ್ಲೇ ಡಾಂಗಲ್ ಹಾಕಿದರೂ ಅದನ್ನು ಕೇಳುತ್ತೇನೆ. ಬ್ಯಾಗಿನಲ್ಲಿ ಪ್ರತಿ ಡಾಂಗಲ್ಲಿಗೂ ಒಂದೊಂದು ವೈರ್ ಸುತ್ತಿಟ್ಟಿದ್ದೇನೆ.