ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ತಂಗುವವರಿಗೆ

ಕಲಬುರಗಿ ಜಿಲ್ಲೆಯಲ್ಲಿ ಕಾಡಿದೆ ಎಂದರೆ ಕಲಬುರಗಿ ಪೇಟೆಯವರೇ ನಗುತ್ತಾರೆ. ತೊಗರಿ, ಜೋಳ, ಸಿಮೆಂಟ್ ಕಾರ್ಖಾನೆ, ಬಿಸಿಲು, ಇಷ್ಟೇ ನಮ್ಮ ಜಿಲ್ಲೆ ಎಂದು ನಾವೇ ಒಪ್ಪಿಕೊಂಡುಬಿಟ್ಟಿದ್ದೇವೆ. ಚಿಂಚೋಳಿ ದಾಟಿ ಕುಂಚಾವರಂ ದಿಕ್ಕಿಗೆ ಹೊರಳಿದರೆ ಎರೆ ಮಣ್ಣು ಹಿಂದೆ ಉಳಿದು ಕೆಂಪು ಜಂಬಿಟ್ಟಿಗೆ ನೆಲ ಶುರುವಾಗುತ್ತದೆ. ಅದರ ಜೊತೆಗೇ ಕಾಡೂ ಶುರುವಾಗುತ್ತದೆ. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿ ಧಾಮ ಸುಮಾರು 134 ಚದರ ಕಿಲೋಮೀಟರ್ ವಿಸ್ತಾರದ್ದು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮ ಎಂಬ ಹೆಸರು ಇದಕ್ಕಿದೆ. ಇದರ ನಡುವೆ, ಗುಡ್ಡಗಳ ಮಡಿಲಲ್ಲಿ, ಸರನಾಲಾ ಹಳ್ಳಕ್ಕೆ 1973ರಲ್ಲಿ ಕಟ್ಟಿದ ಅಣೆಕಟ್ಟಿನ ಹಿಂದೆ ನಿಂತಿರುವ ನೀರೇ ಚಂದ್ರಂಪಳ್ಳಿ ಜಲಾಶಯ. ಅಲ್ಲಿ ರಾತ್ರಿ ತಂಗಬೇಕು, ಅದೂ ಕಾಡಿನ ಕಾಲುದಾರಿಯಲ್ಲಿ ನಡೆದು ತಲುಪಬೇಕು ಎಂದುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಯಾವಾಗ ಹೋಗಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ಉಳಿದ ತಯಾರಿಯೆಲ್ಲ ಅದರ ಮೇಲೆ ನಿಂತಿದೆ. ಆಗುಂಬೆ, ಕುದುರೆಮುಖಗಳ ಹಸಿರನ್ನು ಕಣ್ಣಲ್ಲಿಟ್ಟುಕೊಂಡು ಮಾರ್ಚ್ ಕೊನೆಗೆ ಬಂದರೆ ಇಲ್ಲಿ ಎಲೆಯಿಲ್ಲದ ಗಿಡ, ಕಾದ ಕಲ್ಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಶ್ರಾವಣದಲ್ಲಿ ಇದೇ ಕಾಡು ಗುರುತು ಸಿಗದಷ್ಟು ಹಸಿರು. ಆಗ ಈ ಕಾಡಿನ ಎತ್ತಿಪೋತ ಜಲಪಾತವೂ ತುಂಬಿರುತ್ತದೆ. ಆದರೆ ಕಾಲುದಾರಿಗೆ ಅಡ್ಡಲಾಗಿ ಹರಿಯುವ ಹಳ್ಳಗಳು ಒಂದೇ ಮಳೆಗೆ ಏರುತ್ತವೆ, ಹೋದವರು ವಾಪಸು ಬರಲಾಗದೆ ದಂಡೆಯಲ್ಲೇ ಕೂರಬೇಕಾಗುತ್ತದೆ. ಜಲಪಾತವೇ ಬೇಕೆನ್ನುವವರು ಮಳೆಗಾಲದಲ್ಲಿ ಬಂದು, ನೋಡಿ, ಸಂಜೆಯೊಳಗೆ ಚಿಂಚೋಳಿ ಸೇರಿಕೊಳ್ಳಲಿ. ನಡೆದು ಹೋಗಿ ತಂಗುವವರಿಗೆ ಒಳ್ಳೆಯ ಕಾಲವೆಂದರೆ ದಸರೆ ಮುಗಿದ ಮೇಲಿನಿಂದ ಎಳ್ಳಮಾವಾಸ್ಯೆ, ಸಂಕ್ರಾಂತಿಯವರೆಗೆ. ಜಲಾಶಯದಲ್ಲಿ ನೀರು ತುಂಬಿರುತ್ತದೆ, ನೆಲ ಗಟ್ಟಿಯಾಗಿರುತ್ತದೆ, ನಡುಮಧ್ಯಾಹ್ನದಲ್ಲೂ ನಡೆಯಬಹುದು. ಕ್ಯಾಮೆರಾ ಹಿಡಿದು ಪ್ರಾಣಿ ಪಕ್ಷಿಗಳ ಬೆನ್ನು ಹತ್ತುವವರು ಶಿವರಾತ್ರಿಯ ಸುಮಾರಿಗೆ ಬರಬಹುದು. ಮುತ್ತುಗ ಹೂ ಬಿಟ್ಟಿರುತ್ತದೆ, ಎಲೆ ಉದುರಿ ದೂರದವರೆಗೆ ಕಣ್ಣು ಹಾಯುತ್ತದೆ, ಹಳ್ಳಗಳು ಬತ್ತಿ ಪ್ರಾಣಿಗಳೆಲ್ಲ ಜಲಾಶಯದ ಅಂಚಿಗೇ ಬರುತ್ತವೆ. ಯುಗಾದಿ ಕಳೆದ ಮೇಲೆ ಮಾತ್ರ ಬೇಡ. 42 ಡಿಗ್ರಿಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಜಂಬಿಟ್ಟಿಗೆ ಗುಡ್ಡ ಹತ್ತುವುದನ್ನು ಪ್ರವಾಸ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಅನುಮತಿಯ ವಿಷಯ. ಇದು ವನ್ಯಜೀವಿ ಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಒಳಗೆ ಓಡಾಡುವಂತಿಲ್ಲ. ತಂಗುವುದಕ್ಕೂ ಕಾಲುದಾರಿಯಲ್ಲಿ ನಡೆಯುವುದಕ್ಕೂ ಚಿಂಚೋಳಿಯ ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ಮಾತಾಡಿ, ಹೋಗುವ ದಿನ, ಜನರ ಸಂಖ್ಯೆ, ಎಲ್ಲಿಂದ ಎಲ್ಲಿಗೆ ಎಂಬುದನ್ನು ಬರೆದು ಕೊಟ್ಟು ಒಪ್ಪಿಗೆ ಪಡೆಯಿರಿ. ಕಾಡಿನಲ್ಲಿ ಇಲಾಖೆಯ ಕಾವಲುಗಾರರೊಬ್ಬರು ಜೊತೆಗಿರಲೇಬೇಕು. ಅದನ್ನು ಕಟ್ಟುಪಾಡು ಎಂದು ತಿಳಿಯುವವರು ಒಮ್ಮೆ ಅವರಿಲ್ಲದೆ ಆ ಗುಡ್ಡಗಳನ್ನು ಸುಮ್ಮನೆ ನೋಡಲಿ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಶನಿವಾರ ಬೆಳಿಗ್ಗೆ ಹೋಗಿ ಕೇಳಿದರೆ ಕಚೇರಿಯಲ್ಲಿ ಯಾರೂ ಸಿಗದೇ ಇರಬಹುದು. ವಾರ ಮೊದಲೇ ಕೆಲಸದ ದಿನವೊಂದರಲ್ಲಿ ಮುಗಿಸಿಕೊಳ್ಳುವುದು ಲೇಸು.

ದಾರಿಯಲ್ಲಿ ಎರಡು ಗೊಂದಲಗಳಿವೆ. ಚಿಂಚೋಳಿಯಲ್ಲಿ ‘ಡ್ಯಾಮ್ ಎಲ್ಲಿ’ ಎಂದಷ್ಟೇ ಕೇಳಿದರೆ ಅರ್ಧ ಜನ ನಿಮ್ಮನ್ನು ನಾಗರಾಳಕ್ಕೆ ಕಳಿಸುತ್ತಾರೆ. ಅದು ಮುಲ್ಲಾಮಾರಿ ನದಿಯ ಅಣೆಕಟ್ಟು, ಊರಿಗೆ ಹತ್ತಿರ, ಕಾಡಿಗೆ ದೂರ. ಚಂದ್ರಂಪಳ್ಳಿ ಎಂದು ಹೆಸರು ಹೇಳಿಯೇ ಕೇಳಿ. ಇನ್ನೊಂದು, ಮೊಬೈಲ್ ನಕ್ಷೆಯಲ್ಲಿ ಎತ್ತಿಪೋತ ಎಂದು ಹುಡುಕಿದರೆ ಅದು ಆಂಧ್ರದ ನಾಗಾರ್ಜುನಸಾಗರದ ಹತ್ತಿರವಿರುವ ಎತ್ತಿಪೋತಲಕ್ಕೆ ದಾರಿ ತೋರಿಸುವುದುಂಟು. ಹೈದರಾಬಾದಿನಿಂದ ಬರುವ ಗೆಳೆಯರಿದ್ದರೆ ಈ ಮಾತನ್ನು ಮೊದಲೇ ಅವರ ಕಿವಿಗೆ ಹಾಕಿ. ಚಿಂಚೋಳಿಯಿಂದ ಮುಂದೆ ಸಿಗ್ನಲ್ ಬಂದು ಹೋಗಿ ಮಾಡುತ್ತದೆ, ಗುಡ್ಡಗಳ ತಗ್ಗಿಗೆ ಇಳಿದರೆ ಇಲ್ಲವೇ ಇಲ್ಲ. ನಕ್ಷೆಯನ್ನು ಊರಿನಲ್ಲಿದ್ದಾಗಲೇ ಇಳಿಸಿಟ್ಟುಕೊಳ್ಳಿ. ಕಲಬುರಗಿಯಿಂದ ಚಿಂಚೋಳಿಗೆ ಮಹಾಗಾಂವ್ ಕ್ರಾಸ್ ಮೇಲೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಿವೆ. ಬೀದರಿನವರಿಗೆ ಮನ್ನಾಎಖೇಳಿ ಮೇಲಿನ ದಾರಿ ಹತ್ತಿರ. ಚಿಂಚೋಳಿಯ ಆಚೆ ಬಸ್ಸು ನಂಬಿ ಕೂರಬೇಡಿ, ಜೀಪನ್ನೋ ಟಂಟಂ ಆಟೊವನ್ನೋ ಮಾತಾಡಿಕೊಳ್ಳಿ. ವಾಪಸು ಬರುವ ದಿನ, ಹೊತ್ತು ಎರಡನ್ನೂ ಚಾಲಕನಿಗೆ ಆಗಲೇ ಹೇಳಿ ಒಪ್ಪಿಸಿಬಿಡಿ.

ಅಣೆಕಟ್ಟಿನವರೆಗೆ ವಾಹನ ಹೋಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ವಯಸ್ಸಾದವರು, ಎಳೆಯ ಮಕ್ಕಳು ಇದ್ದರೆ ಹಾಗೆಯೇ ಬನ್ನಿ, ಏನೂ ಕಡಿಮೆಯಾಗುವುದಿಲ್ಲ. ನಾವು ಗೊಟ್ಟಂಗೊಟ್ಟ ಎಂಬ ಊರಿನ ಕಡೆಯಿಂದ ಕಾಡಿನೊಳಗೆ ನಡೆದುಬಂದೆವು. ನಿಂತು ನೋಡುತ್ತ ಸಾಗುವವರಿಗೆ ಅರ್ಧ ದಿನದ ದಾರಿ ಅದು. ಏರು ಕಡಿದಾಗಿಲ್ಲ, ಆದರೆ ಕಾಲ ಕೆಳಗಿನ ಗರಸು ಉರುಳುತ್ತದೆ. ಹತ್ತುವಾಗ ತೊಂದರೆಯಿಲ್ಲ, ಇಳಿಯುವಾಗ ಜಾರುತ್ತದೆ. ಚಪ್ಪಲಿ ಬೇಡ, ಅಡಿ ಸವೆದ ಬೂಟೂ ಬೇಡ. ಬೆಳಿಗ್ಗೆ ಬೇಗ ಹೊರಡಿ, ಒಬ್ಬೊಬ್ಬರಿಗೆ ಮೂರು ಲೀಟರ್ ನೀರು ಇರಲಿ. ದಾರಿಯಲ್ಲಿ ಹಳ್ಳ ಸಿಗುತ್ತದೆ ಎಂಬ ಭರವಸೆಯ ಮೇಲೆ ಕಡಿಮೆ ನೀರು ಹೊರಬೇಡಿ, ಒಣ ಕಾಡಿನ ಹಳ್ಳ ಕಾರ್ತಿಕಕ್ಕೆ ಇದ್ದದ್ದು ಪುಷ್ಯಕ್ಕೆ ಇರುವುದಿಲ್ಲ.

ದಾರಿಯ ಎರಡೂ ಬದಿಗೆ ತೇಗ, ಅಲ್ಲಲ್ಲಿ ರಕ್ತಚಂದನ, ದಸರೆಯ ಮುಂದೆ ಹಿಂದೆ ಹೋದರೆ ಸೀತಾಫಲ. ಹಣ್ಣು ಕೀಳಲು ಕೈ ನೀಡಬೇಡಿ. ಲಂಬಾಣಿಗರ ಹಳ್ಳಿಗಳಾದ ತಾಂಡಾಗಳ ಹೆಂಗಸರು ಬುಟ್ಟಿಯಲ್ಲಿಟ್ಟು ರಸ್ತೆ ಬದಿಗೆ ಮಾರುತ್ತಾರೆ, ಅವರ ಬಳಿ ಕೊಂಡು ತಿನ್ನಿ. ಒಣಗಿದ ಶ್ರೀಗಂಧದ ಕಡ್ಡಿಯನ್ನು ನೆನಪಿಗೆಂದು ಜೇಬಿಗೆ ಹಾಕಿಕೊಳ್ಳುವ ಆಸೆಯೂ ಬೇಡ, ತನಿಖೆಯಲ್ಲಿ ಸಿಕ್ಕರೆ ನಿಮ್ಮ ನೆನಪಿನ ಕತೆಯನ್ನು ಯಾರೂ ಕೇಳುವುದಿಲ್ಲ.

ಹುಲಿ, ಆನೆ ಇಲ್ಲಿಲ್ಲ. ಕೃಷ್ಣಮೃಗ, ತೋಳ, ಕತ್ತೆಕಿರುಬ, ನರಿ, ಕಾಡುಹಂದಿ, ಕೊಂಡುಕುರಿ ಇವು ಈ ಒಣ ಕಾಡಿನ ಒಡೆಯರು. ಕೃಷ್ಣಮೃಗ, ಕೊಂಡುಕುರಿ ಬಿಟ್ಟರೆ ಉಳಿದವು ಹೆಚ್ಚಾಗಿ ಕತ್ತಲಲ್ಲಿ, ಇಲ್ಲವೇ ಮುಂಜಾವಿನಲ್ಲಿ ಓಡಾಡುವಂಥವು. ಹಗಲಿನಲ್ಲಿ ನಿಮಗೆ ಸಿಗುವುದು ಹೆಚ್ಚಾಗಿ ಗುರುತುಗಳೇ, ಅವನ್ನು ಓದಲು ಕಲಿಸುವವರು ಜೊತೆಗಿದ್ದರೆ ಅದೇ ದೊಡ್ಡ ನೋಟ. ನಮ್ಮ ಜೊತೆ ಬಂದ ಕಾವಲುಗಾರರು ತಾಂಡಾದವರು, ವಯಸ್ಸಿನಲ್ಲಿ ಹಿರಿಯರು. ದಾರಿ ನಡುವೆ ಒಂದು ಕಡೆ ಕೂತು, ಕೋಲಿನಿಂದ ಒಣ ಹಿಕ್ಕೆಯೊಂದನ್ನು ಒಡೆದರು. ಒಳಗೆಲ್ಲ ಬಿಳಿ ಪುಡಿ.

“ಕಾಕಾ, ಇದೇನು ಹೀಗಿದೆ?” ಎಂದು ನನ್ನ ತಂಗಿ ಕೇಳಿದಳು.

“ಕಿರುಬದ್ದು ತಾಯಿ. ಅದು ಮೂಳೆ ತಿನ್ನುವ ಪ್ರಾಣಿ, ಅದಕ್ಕೇ ಸುಣ್ಣದ ಹಾಗೆ ಬೆಳ್ಳಗೆ. ನಮ್ಮ ಕಡೆ ದನ ಸತ್ತರೆ ಚರ್ಮ ಮಾಂಸ ನಾಯಿ ನರಿಗೆ, ಮೂಳೆ ಇದಕ್ಕೆ.”

ಮುಂದೆ ಜಲಾಶಯದ ಅಂಚಿನ ಒಣಗಿದ ಕೆಸರಿನಲ್ಲಿ ಹೆಜ್ಜೆಗಳನ್ನು ತೋರಿಸಿದರು. ಕಿರುಬದ ಮುಂಗಾಲಿನ ಗುರುತು ದೊಡ್ಡದು, ಹಿಂಗಾಲಿನದು ಕಣ್ಣಿಗೆ ಕಾಣುವಷ್ಟು ಚಿಕ್ಕದು. ನಾಯಿಯದೋ ಕಿರುಬದೋ ಎಂಬ ಅನುಮಾನವನ್ನು ಆ ಅಳತೆಯೇ ಬಿಡಿಸುತ್ತದೆ. ಅದರ ಪಕ್ಕದಲ್ಲೇ ಕಾಡುಹಂದಿಗಳು ಮೂತಿಯಿಂದ ಉತ್ತ ನೆಲ. ನೀರಿನಿಂದ ಮೇಲಕ್ಕೆ ಎದ್ದಿದ್ದ ಒಣ ಮರದ ಕೊಂಬೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರವಿ ಕೂತಿದ್ದವು. ಕಾಕಾ ಮಾತಾಡುವುದು ಕಡಿಮೆ, ಕೇಳಿದ್ದಕ್ಕೆ ಮಾತ್ರ ಉತ್ತರ. ಆದ್ದರಿಂದ ಕೇಳುತ್ತಲೇ ಇರಿ. ಹೊರಡುವಾಗ ಅವರಿಗೆ ಕೊಡುವುದನ್ನು ಯಾರೂ ಕೇಳಲಿ ಬಿಡಲಿ ಕೈತುಂಬ ಕೊಡಿ.

ಇನ್ನು ಹೊರುವ ಸಾಮಾನು. ರಾತ್ರಿ ತಂಗುವ ದಂಡೆಯ ಬಿಡಾರದಿಂದ ಗೋಡೆ, ಚಾವಣಿ, ಮಲಗಲು ಜಾಗ ಇಷ್ಟನ್ನು ಲೆಕ್ಕಕ್ಕೆ ಹಿಡಿಯಿರಿ. ಅದರಾಚೆಗೆ ಸಿಕ್ಕಿದ್ದೆಲ್ಲ ಲಾಭ. ಊಟದ ವ್ಯವಸ್ಥೆ ಇದೆಯೇ ಎಂದು ಅನುಮತಿ ಕೇಳುವಾಗಲೇ ಕೇಳಿಕೊಳ್ಳಿ, ಇದೆ ಎಂದರೂ ಒಂದು ಹೊತ್ತಿನದು ನಿಮ್ಮ ಚೀಲದಲ್ಲಿರಲಿ. ಬೆಂಗಳೂರಿನ ಗೆಳೆಯರು ನೂಡಲ್ಸ್ ಪೊಟ್ಟಣ, ಗ್ಯಾಸ್ ಸ್ಟೌ ಹೊತ್ತು ಬರುತ್ತಾರೆ. ನಮ್ಮ ಕಡೆಯವರಿಗೆ ಆ ಗೋಜೇ ಬೇಡ. ಕಾಡಿನಲ್ಲಿ ಒಲೆ ಹಚ್ಚದೆ ಎರಡು ದಿನ ಹೊಟ್ಟೆ ತುಂಬಿಸಿಕೊಳ್ಳುವ ಅಡುಗೆಯನ್ನು ನಮ್ಮ ಅವ್ವಂದಿರು ಎಂದೋ ಕಂಡುಹಿಡಿದಿದ್ದಾರೆ. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸೆ ಹಿಂಡಿ (ಚಟ್ನಿ ಪುಡಿ), ಉಳ್ಳಾಗಡ್ಡಿ, ಒಂದು ಡಬ್ಬಿ ಮೊಸರು. ಎಳ್ಳಮಾವಾಸ್ಯೆಯ ಆಸುಪಾಸಿಗೆ ಹೋದರೆ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆಯೂ ಸೇರಲಿ. ಆದರೆ ಕಡಕ್ ರೊಟ್ಟಿಯನ್ನು ಚೀಲದಲ್ಲಿ ಹಾಗೆಯೇ ತುರುಕಿದರೆ ತಲುಪುವಾಗ ನುಚ್ಚಾಗಿರುತ್ತದೆ. ಸ್ಟೀಲಿನ ಎರಡು ಗಂಗಾಳಗಳ ನಡುವೆ ರೊಟ್ಟಿ ಒಟ್ಟಿ, ಹತ್ತಿ ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ, ಬೆನ್ನಿಗೆ ತಾಗುವ ಬದಿಗೆ ನಿಲ್ಲಿಸಿ ಇಡಿ. ಗಂಗಾಳ ಉಣ್ಣಲೂ ಆಯಿತು. ಉಪ್ಪಿನಕಾಯಿಗೆ ಗಾಜಿನ ಬಾಟಲಿ ಬೇಡ.

ಡಿಸೆಂಬರ್, ಜನವರಿಯ ರಾತ್ರಿಗೆ ನಮ್ಮ ಬಿಸಿಲು ನಾಡಿನವರು ತಯಾರಿರುವುದಿಲ್ಲ. ಬೀದರ್, ಚಿಂಚೋಳಿ ಕಡೆ ಚಳಿಗಾಲದಲ್ಲಿ ಉಷ್ಣಾಂಶ 10 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ, ನೀರಿನ ದಂಡೆಯಲ್ಲಿ ಅದು ಇನ್ನಷ್ಟು ಕೊರೆಯುತ್ತದೆ. ಶಾಲು ಸಾಲದು, ರಗ್ಗು ಬೇಕು. ಟೊಪ್ಪಿಗೆ, ಸಾಕ್ಸ್ ಬೇಕು. ಬೆಂಕಿ ಹಾಕಿ ಮೈ ಕಾಯಿಸಿಕೊಳ್ಳೋಣ ಎನ್ನುವ ಯೋಚನೆ ಬಿಟ್ಟುಬಿಡಿ. ವನ್ಯಜೀವಿ ಧಾಮದಲ್ಲಿ ಬೆಂಕಿ ಹಚ್ಚುವುದು ಅಪರಾಧ, ಅದಕ್ಕಿಂತ ಮುಖ್ಯವಾಗಿ ಕಾಲ ಕೆಳಗಿರುವುದು ಒಣ ಹುಲ್ಲು, ತೇಗದ ತರಗು. ಒಂದು ಕಿಡಿ ಗುಡ್ಡವನ್ನೇ ಏರುತ್ತದೆ. ಬೀಡಿ ಸಿಗರೇಟು ಸೇದುವವರೂ ಇದನ್ನು ಕೇಳಿಸಿಕೊಳ್ಳಲಿ.

ವಿದ್ಯುತ್ ಇರಬಹುದು, ಹೋಗಬಹುದು. ತಲೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರಿಗೂ ಒಂದೊಂದು ಇರಲಿ. ರಾತ್ರಿ ಶೌಚಕ್ಕೆ ಹೋಗುವಾಗ ಒಬ್ಬರೇ ಹೋಗಬೇಡಿ, ಬರಿಗಾಲಲ್ಲಿ ಹೋಗಲೇಬೇಡಿ. ಕಲ್ಲುನೆಲದ ಒಣ ಕಾಡು ಗರಗಸ ಮಂಡಲ, ಕೊಳಕು ಮಂಡಲ ಎಂಬ ವಿಷದ ಹಾವುಗಳಿಗೆ ಇಷ್ಟವಾದ ಜಾಗ. ಬೆಳಿಗ್ಗೆ ಬೂಟು ಹಾಕಿಕೊಳ್ಳುವ ಮೊದಲು ಕೊಡವಿ. ಯಾರಿಗಾದರೂ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಕೈಕಾಲು ಅಲುಗಾಡದಂತೆ ಹೊತ್ತು ವಾಹನಕ್ಕೆ ತಲುಪಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಲು ಎಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದನ್ನು ತಲುಪಿದ ಕೂಡಲೇ ಕಾವಲುಗಾರರನ್ನು ಕೇಳಿ ನೋಡಿಟ್ಟುಕೊಳ್ಳಿ. ನಮಗೆ ಅಣೆಕಟ್ಟಿನ ಏರಿಯ ಒಂದು ತುದಿಯಲ್ಲಿ, ಅದೂ ಒಬ್ಬರ ಫೋನಿಗೆ ಮಾತ್ರ ಸಿಕ್ಕಿತು.

ನೀರು ಕಂಡ ಕೂಡಲೇ ಅಂಗಿ ಬಿಚ್ಚುವ ಹುಡುಗರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ನಮ್ಮಲ್ಲೂ ಇದ್ದ, ತಂಗಿಯ ಗಂಡನೇ. ಕಾಕಾ ಅವನ ತೋಳು ಹಿಡಿದು ಹಿಂದಕ್ಕೆ ಎಳೆದರು, ಬೈಯಲಿಲ್ಲ. ಕೈಲಿದ್ದ ಉದ್ದ ಕೋಲನ್ನು ದಂಡೆಯಿಂದ ಎರಡೇ ಹೆಜ್ಜೆ ಆಚೆ ನೀರಿಗೆ ಇಳಿಸಿದರು. ಕೋಲು ಹೂಳಿನಲ್ಲಿ ಮೊಳದಷ್ಟು ಇಳಿದು ಸಿಕ್ಕಿಕೊಂಡಿತು, ಎಳೆಯಲು ಇಬ್ಬರು ಬೇಕಾಯಿತು. ಕಟ್ಟೆ ಕಟ್ಟಿ ನಿಲ್ಲಿಸಿದ ನೀರಿನ ಗುಣವೇ ಹಾಗೆ. ಮೇಲೆ ಸಮತಟ್ಟಾಗಿ ಕಾಣುತ್ತದೆ, ಕೆಳಗೆ ಹಳೆಯ ಹಳ್ಳದ ಕೊರಕಲು, ಹೂಳು, ಮುಳುಗಿದ ಮರದ ಬೊಡ್ಡೆಗಳು. ಈಜು ಬರುತ್ತದೆ ಎನ್ನುವುದು ಹೂಳಿಗೆ ತಿಳಿಯುವುದಿಲ್ಲ. ಕಾಲು ತೊಳೆಯಲು ಬಕೆಟ್ ಇದೆ.

ಸ್ಪೀಕರ್ ತರಬೇಡಿ ಎಂದು ಹೇಳಬೇಕಾಗಿರುವುದೇ ಬೇಸರದ ಸಂಗತಿ. ಮದ್ಯದ ಬಾಟಲಿಗಳನ್ನು ದಂಡೆಯ ಕಲ್ಲಿಗೆ ಒಡೆದು ಹೋದವರ ಗುರುತುಗಳು ಕಿರುಬದ ಹೆಜ್ಜೆಗಿಂತ ಹೆಚ್ಚು ಕಾಣುತ್ತವೆ. ಗಾಜಿನ ಚೂರು ದನದ ಗೊರಸಿಗೆ ಚುಚ್ಚಿದರೆ ತಾಂಡಾದವರಿಗೆ ಅದು ಒಂದು ಹಂಗಾಮಿನ ನಷ್ಟ. ಒಂದು ಖಾಲಿ ಚೀಲ ಒಯ್ಯಿರಿ, ನಿಮ್ಮ ಕಸದ ಜೊತೆ ಸಾಧ್ಯವಾದಷ್ಟು ಬೇರೆಯವರದ್ದನ್ನೂ ತುಂಬಿಕೊಂಡು ಬನ್ನಿ.

ಕುಂಚಾವರಂ ಕಡೆ ತೆಲುಗು ಮಾತಾಡುವವರೇ ಹೆಚ್ಚು, ತಾಂಡಾಗಳಲ್ಲಿ ಲಂಬಾಣಿ. ಕನ್ನಡ ಎಲ್ಲರಿಗೂ ತಿಳಿಯುತ್ತದೆ, ದಾರಿ ಕೇಳಲು ಭಯವಿಲ್ಲ. ಚಿಲ್ಲರೆ ನೋಟು ಜೇಬಿನಲ್ಲಿರಲಿ, ಸಿಗ್ನಲ್ ಇಲ್ಲದ ಕಡೆ ಫೋನಿನಿಂದ ಹಣ ಕಳಿಸಲಾಗುವುದಿಲ್ಲ. ಕೊನೆಯ ದಿನ ಬೆಳಿಗ್ಗೆ ಏಳರೊಳಗೆ ದಂಡೆಯ ಸುತ್ತು ಮುಗಿಸಿ, ತಿಂಡಿ ತಿಂದು, ಬಿಡಾರ ಗುಡಿಸಿ, ಕೀಲಿ ಕೊಟ್ಟು ಹೊರಟರೆ ಮಧ್ಯಾಹ್ನದೊಳಗೆ ಚಿಂಚೋಳಿ ತಲುಪಬಹುದು. ಸೋಮವಾರ ಕೆಲಸಕ್ಕೆ ಹಾಜರಾಗಬೇಕಾದವರು ಹಿಂದಿನ ಸಂಜೆಯ ಕೊನೆಯ ಬಸ್ಸನ್ನು ನಂಬದೆ, ಕಲಬುರಗಿಗೆ ಹೋಗುವ ಮಧ್ಯಾಹ್ನದ ಬಸ್ಸಿಗೇ ಹತ್ತಿಕೊಳ್ಳಿ. ಹಬ್ಬದ ರಜೆ ಮುಗಿಯುವ ದಿನ ಸಂಜೆಯ ಬಸ್ಸಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ, ಬೆನ್ನ ಮೇಲೆ ಚೀಲವಿದ್ದವರನ್ನಂತೂ ಕಂಡಕ್ಟರ್ ಹತ್ತಿಸಿಕೊಳ್ಳುವುದೇ ಕಷ್ಟ.