ಕಂಪನಿ ಸೋರ್ಸ್ ಕೋಡ್ ಬಿಡುತ್ತದಂತೆ, ಕಾಯಲೇ?

ಕಂಪ್ಯೂಟರಿನಲ್ಲಿ ಕನ್ನಡ ಎಂಬ ವಿಷಯದ ಸುತ್ತ ಕೆಲಸ ಮಾಡುವವನೆಂದು ಗೊತ್ತಾದ ಕೂಡಲೇ ಜನ ನನ್ನ ಮುಂದಿಡುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವರ್ಷಗಳಿಂದ ಬದಲಾಗಿಲ್ಲ. ತಂತ್ರಾಂಶ ಬೇರೆಯಾಗಿರುತ್ತದೆ, ಕಂಪನಿ ಬೇರೆಯಾಗಿರುತ್ತದೆ, ಪ್ರಶ್ನೆ ಅದೇ: “ಅವರು ಅದನ್ನು ಓಪನ್ ಸೋರ್ಸ್ ಮಾಡುತ್ತಾರಂತೆ ಸರ್. ಅಲ್ಲಿಯವರೆಗೆ ಕಾಯಲೇ, ಬೇರೆ ದಾರಿ ನೋಡಿಕೊಳ್ಳಲೇ?” ಓಪನ್ ಸೋರ್ಸ್ ಎಂದರೆ ತಂತ್ರಾಂಶವನ್ನು ಬರೆದ ಮೂಲ ಸಾಲುಗಳನ್ನು, ಅಂದರೆ ಸೋರ್ಸ್ ಕೋಡನ್ನು, ಯಾರು ಬೇಕಾದರೂ ಓದಿ, ತಿದ್ದಿ, ಹಂಚುವಂತೆ ಬಿಟ್ಟುಕೊಡುವುದು. ಹಾಗೆ ಬಿಟ್ಟದ್ದು ಮುಕ್ತ ತಂತ್ರಾಂಶ.

ಬೇರೆ ದಾರಿ ನೋಡಿಕೊಳ್ಳಿ ಎನ್ನುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಮುಕ್ತ ತಂತ್ರಾಂಶದ ಪರವಾಗಿ ಇಷ್ಟೆಲ್ಲ ಮಾತನಾಡುವವನ ಬಾಯಲ್ಲಿ ಇಂಥ ಮಾತು ಅವರು ನಿರೀಕ್ಷಿಸಿರುವುದಿಲ್ಲ. ಕಂಪನಿಗಳೆಲ್ಲ ಸುಳ್ಳು ಹೇಳುತ್ತವೆ ಎಂದು ನಾನು ಹೇಳುತ್ತಿಲ್ಲ. ಮಾತು ಕೊಟ್ಟವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಕೋಡ್ ಹೊರಬರುವ ದಿನ ಬಹಳ ಸಲ ಅವರ ಕೈಯಲ್ಲಿ ಇರುವುದಿಲ್ಲ. ತೊಡಕು ಇರುವುದು ಅಲ್ಲಿ.

ಜಂಟಿ ಖಾತೆಯ ಜಮೀನು ಇರುವ ಮನೆಯವರಿಗೆ ಇದನ್ನು ವಿವರಿಸುವುದು ಸುಲಭ. ಶಾಲೆಗೆ ಎರಡು ಗುಂಟೆ ಬಿಟ್ಟುಕೊಟ್ಟೆ ಎಂದು ಹಿರಿಯಣ್ಣ ಗ್ರಾಮಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಬಹುದು. ಪಹಣಿಯಲ್ಲಿ ಹೆಸರಿರುವ ತಮ್ಮಂದಿರು, ಮದುವೆಯಾಗಿ ಹೋದ ತಂಗಿಯರು ಎಲ್ಲರ ಸಹಿ ಬೀಳುವವರೆಗೆ ಆ ನೆಲ ಶಾಲೆಯದಾಗುವುದಿಲ್ಲ. ದೊಡ್ಡ ತಂತ್ರಾಂಶವೂ ಹೀಗೆಯೇ. ಪೆಟ್ಟಿಗೆಯ ಮೇಲೆ ಒಂದೇ ಕಂಪನಿಯ ಹೆಸರು ಇರುತ್ತದೆ, ಒಳಗೆ ಹತ್ತು ಕಂಪನಿಗಳಿಂದ ಷರತ್ತಿನ ಮೇಲೆ ಪಡೆದ ತುಂಡುಗಳು ಇರುತ್ತವೆ. ಬಳಸಲು ಕೊಂಡದ್ದನ್ನು ಊರಿಗೆಲ್ಲ ಹಂಚುವ ಹಕ್ಕು ಕೊಂಡವರಿಗೆ ಇರುವುದಿಲ್ಲ.

ಇದಕ್ಕೆ ಜಾವಾ ನಾನು ಬಲ್ಲ ಅತ್ಯುತ್ತಮ ಉದಾಹರಣೆ. 1995ರಲ್ಲಿ ಬಂದ, ತಂತ್ರಾಂಶ ಬರೆಯುವ ಆ ಭಾಷೆಯನ್ನು ಮುಕ್ತಗೊಳಿಸಿ ಎಂದು ಜನ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯನ್ನು ವರ್ಷಗಟ್ಟಲೆ ಒತ್ತಾಯಿಸಿದರು. 2006ರ ನವೆಂಬರಿನಲ್ಲಿ ಸನ್ ಕೊನೆಗೂ ಒಪ್ಪಿ, ಜಾವಾದಲ್ಲಿ ಬರೆದದ್ದನ್ನು ಅನುವಾದಿಸುವ ಕಂಪೈಲರ್ ಮತ್ತು ಅದನ್ನು ಓಡಿಸುವ ವರ್ಚುವಲ್ ಮಷೀನ್, ಎರಡರ ಕೋಡನ್ನೂ ಜಿಪಿಎಲ್ ಎಂಬ, ತಿದ್ದಿ ಹಂಚಲು ಬಿಡುವ ಮುಕ್ತ ಪರವಾನಗಿಯಡಿ ಹೊರಗಿಟ್ಟಿತು. 2007ರ ಮೇ ತಿಂಗಳಿನಲ್ಲಿ ಉಳಿದ ಲೈಬ್ರರಿಗಳೂ, ಅಂದರೆ ಪದೇಪದೇ ಬೇಕಾಗುವ ಸಿದ್ಧ ಕೋಡಿನ ಕಟ್ಟುಗಳೂ, ಬಂದವು. ಬಂದವು ಎಂದರೆ ಪೂರ್ತಿ ಬಂದವು ಎಂದಲ್ಲ. ಸುಮಾರು ಶೇಕಡಾ 4ರಷ್ಟು ಕೋಡ್ ಸನ್‌ನದಾಗಿರಲಿಲ್ಲ. ಪರದೆಯ ಮೇಲೆ ಅಕ್ಷರ ಮೂಡಿಸುವ ಭಾಗ, ಬಣ್ಣ ಹೊಂದಿಸುವ ಭಾಗ, ಗೆರೆ ಮತ್ತು ಆಕಾರಗಳನ್ನು ಎಳೆಯುವ ಭಾಗ, ಧ್ವನಿಯ ಒಂದಿಷ್ಟು ಭಾಗ, ಇವೆಲ್ಲ ಬೇರೆಯವರ ಸೊತ್ತು. ಶೇಕಡಾ 96 ಕೈಯಲ್ಲಿದ್ದರೂ ಅದನ್ನು ಹಾಗೆಯೇ ಕಟ್ಟಿ ಓಡಿಸಲು ಬರುತ್ತಿರಲಿಲ್ಲ. ಅಕ್ಷರವೇ ಮೂಡದ ಜಾವಾ ಯಾರಿಗೆ ಬೇಕು?

ಆ ತೂತನ್ನು ಮುಚ್ಚಲು ನೆರವಾದವರು ಕಾಯದೆ ಕುಳಿತವರು. ಜಾವಾದ ಲೈಬ್ರರಿಗಳನ್ನು ಮೊದಲಿನಿಂದ ತಾವೇ ಬರೆಯುತ್ತೇವೆ ಎಂದು 1998ರಲ್ಲೇ ಗ್ನು ಕ್ಲಾಸ್‌ಪಾತ್ ಎಂಬ ಯೋಜನೆ ಶುರುವಾಗಿತ್ತು. ಹೇಗೂ ಒಂದು ದಿನ ಸನ್ ಕೊಡುತ್ತದೆ, ಈ ಕತ್ತೆ ದುಡಿಮೆ ಏಕೆ ಎಂದು ಅವರನ್ನು ನಗಾಡಿದವರು ಇದ್ದರು. 2007ರ ಜೂನ್‌ನಲ್ಲಿ ರೆಡ್ ಹ್ಯಾಟ್ ಕಂಪನಿಯ ಎಂಜಿನಿಯರುಗಳು ಐಸ್ಡ್ ಟೀ ಎಂಬ ಯೋಜನೆ ಹೂಡಿ, ಸನ್ ಬಿಟ್ಟ ಕೋಡಿನಲ್ಲಿ ಖಾಲಿ ಇದ್ದ ಜಾಗಕ್ಕೆ ಕ್ಲಾಸ್‌ಪಾತ್‌ನ ತುಂಡುಗಳನ್ನು ಕೂರಿಸಿದರು. (ಹೆಸರಿಟ್ಟವರಿಗೆ ಜಾವಾ ಕಾಫಿಯ ಮೇಲೆ ಏನು ಸಿಟ್ಟಿತ್ತೋ.) ಸನ್ ಕೂಡ ಸುಮ್ಮನಿರಲಿಲ್ಲ, ಅಕ್ಷರಕ್ಕೆ ಫ್ರೀಟೈಪ್, ಬಣ್ಣಕ್ಕೆ ಲಿಟ್ಲ್ ಸಿಎಂಎಸ್ ಎಂದು, ಮೊದಲೇ ಮುಕ್ತವಾಗಿದ್ದ ಬೇರೆ ಬೇರೆ ತಂತ್ರಾಂಶಗಳನ್ನು ತಂದು ಜೋಡಿಸಿತು. 2008ರ ಜೂನ್‌ನಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಒಂದು ರೂಪವಾದ ಫೆಡೋರಾ 9ರ ಮೇಲೆ ಪೂರ್ತಿ ಮುಕ್ತವಾದ ಜಾವಾ ಅಧಿಕೃತ ಹೊಂದಾಣಿಕೆ ಪರೀಕ್ಷೆಯಲ್ಲಿ ಪಾಸಾಯಿತು. ಘೋಷಣೆಯಿಂದ ಆ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು. ಕಾಯದವರ ಕೋಡ್ ಇರದಿದ್ದರೆ ಇನ್ನೆಷ್ಟು ಆಗುತ್ತಿತ್ತೋ.

ಜಾವಾ ಒಂದರ ಹಣೆಬರಹವಲ್ಲ ಇದು. 1998ರ ಜನವರಿ 22ರಂದು ನೆಟ್‌ಸ್ಕೇಪ್ ತನ್ನ ಬ್ರೌಸರಿನ ಕೋಡ್ ಕೊಡುತ್ತೇನೆಂದು ಸಾರಿ ಮಾರ್ಚ್ 31ರಂದು ಕೊಟ್ಟೇಬಿಟ್ಟಿತು. ಇಷ್ಟು ದೊಡ್ಡ ಕೋಡಿಗೆ ಆ ವೇಗ ಇಂದಿಗೂ ಅಚ್ಚರಿ. ಆದರೂ ಗೂಢಲಿಪಿಯ ಭಾಗವನ್ನು ಕಿತ್ತು ಹೊರಗಿಡಬೇಕಾಯಿತು, ಅಮೆರಿಕದ ರಫ್ತು ಕಾನೂನು ಅಡ್ಡ ಇತ್ತು. 1997ರ ಡಿಸೆಂಬರಿನಲ್ಲಿ ಡೂಮ್ ಆಟದ ಕೋಡ್ ಬಂದಾಗ, ಜಗತ್ತೆಲ್ಲ ಆಡಿದ್ದು ವಿಂಡೋಸ್‌ಗೂ ಹಿಂದಿನ ಡಾಸ್ ವ್ಯವಸ್ಥೆಯ ಆವೃತ್ತಿ, ಬಂದದ್ದು ಲಿನಕ್ಸ್ ಆವೃತ್ತಿ. ಡಾಸ್ ಆವೃತ್ತಿಯಲ್ಲಿ ಸದ್ದು ಹೊರಡಿಸುತ್ತಿದ್ದ ಲೈಬ್ರರಿ ಬೇರೊಬ್ಬರಿಂದ ಪಡೆದದ್ದಾಗಿತ್ತು. ಐಬಿಎಂನ ಓಎಸ್/2 ಎಂಬ ಕಾರ್ಯಾಚರಣಾ ವ್ಯವಸ್ಥೆಯ ಕೋಡಿಗಾಗಿ ಅಭಿಮಾನಿಗಳು 2005ರಲ್ಲಿ ಒಮ್ಮೆ, 2007ರಲ್ಲಿ ಮತ್ತೊಮ್ಮೆ ಸಾವಿರಾರು ಸಹಿ ಕೂಡಿಸಿದರು. ವ್ಯಾಪಾರ, ತಂತ್ರಜ್ಞಾನ, ಕಾನೂನು ಎಂದು ಕಾರಣ ಹೇಳಿ ಐಬಿಎಂ ಕೈಮುಗಿಯಿತು. ಓಎಸ್/2 ಹುಟ್ಟಿದ್ದೇ ಐಬಿಎಂ ಮತ್ತು ಮೈಕ್ರೋಸಾಫ್ಟ್‌ಗಳ ಜಂಟಿ ಸಂಸಾರದಲ್ಲಿ ಎಂಬುದನ್ನು ನೆನೆದರೆ ಆ ಉತ್ತರದಲ್ಲಿ ಆಶ್ಚರ್ಯವಿಲ್ಲ.

ಕಾನೂನು ಒಂದು ಕಡೆ, ದುಡ್ಡು ಇನ್ನೊಂದು ಕಡೆ. ಕೋಡ್ ಯಾವಾಗ ಬರುತ್ತದೆ ಎಂದು ಯಾರಾದರೂ ಕೇಳಿದರೆ, ಆ ಕಂಪನಿ ಈ ತಂತ್ರಾಂಶವನ್ನು ಮಾರಿಯೇ ಬದುಕುತ್ತಿದೆಯೇ ಎಂದು ನಾನು ತಿರುಗಿ ಕೇಳುತ್ತೇನೆ. ಹೌದಾದರೆ, ಕಂಪನಿಗೆ ಕಷ್ಟಕಾಲ ಬರುವವರೆಗೆ ಕೋಡ್ ಬರುವುದಿಲ್ಲ. ನೆಟ್‌ಸ್ಕೇಪ್ ಉದಾರಿಯಾದದ್ದು ಮೈಕ್ರೋಸಾಫ್ಟ್ ತನ್ನ ಬ್ರೌಸರನ್ನು ಪುಕ್ಕಟೆಯಾಗಿ ವಿಂಡೋಸ್ ಜೊತೆ ಸೇರಿಸಿ ಅದರ ಕುತ್ತಿಗೆ ಹಿಚುಕುತ್ತಿದ್ದಾಗ. ಸನ್ ಕಂಪನಿ 1999ರಲ್ಲಿ ಸ್ಟಾರ್‌ಆಫೀಸ್ ಎಂಬ ಕಚೇರಿ ತಂತ್ರಾಂಶವನ್ನು ಕೊಂಡು, 2000ದ ಅಕ್ಟೋಬರಿನಲ್ಲಿ ಅದರ ಕೋಡನ್ನು ಹಂಚಿದ್ದು ಮೈಕ್ರೋಸಾಫ್ಟ್ ಆಫೀಸಿನ ಏಕಸ್ವಾಮ್ಯಕ್ಕೆ ಎದುರಾಗಿ. ಇಂದು ನಾವು ಬಳಸುವ ಲಿಬ್ರೆ ಆಫೀಸ್ ಆ ಕೋಡಿನ ಸಂತಾನ. ನೋಕಿಯಾ ತನ್ನ ಫೋನುಗಳನ್ನು ನಡೆಸುತ್ತಿದ್ದ ಸಿಂಬಿಯನ್ ವ್ಯವಸ್ಥೆಯನ್ನು ಮುಕ್ತಗೊಳಿಸುತ್ತೇನೆಂದು 2008ರಲ್ಲಿ ಹೇಳಿತು. ಕೋಡ್ ಬಂದದ್ದು 2010ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಐಫೋನ್ ಮತ್ತು ಆಂಡ್ರಾಯ್ಡ್ ಮಾರುಕಟ್ಟೆಯನ್ನು ಬಾಚಿಕೊಳ್ಳುತ್ತಿದ್ದವು. ಒಂದು ವರ್ಷದ ಬಳಿಕ ನೋಕಿಯಾ ಸ್ವತಃ ವಿಂಡೋಸ್ ಫೋನಿನ ಕೈ ಹಿಡಿಯಿತು. ಸಿಂಬಿಯನ್‌ಗಾಗಿ ಎರಡು ವರ್ಷ ಕಾದವರಿಗೆ ಸಿಕ್ಕಿದ್ದು ಯಜಮಾನನೇ ಕೈಬಿಟ್ಟ ಕೋಡ್.

ಮಾರಾಟಕ್ಕಲ್ಲದೆ ಜನರನ್ನು ತನ್ನತ್ತ ಸೆಳೆಯಲು ಮಾಡಿದ ಸಾಧನವಾದರೆ ಲೆಕ್ಕ ಬೇರೆ. ಆ್ಯಪ್ ಬರೆಯುವ ಸ್ವಿಫ್ಟ್ ಭಾಷೆಯನ್ನು ವರ್ಷದ ಕೊನೆಯೊಳಗೆ ಮುಕ್ತಗೊಳಿಸುತ್ತೇವೆಂದು ಆ್ಯಪಲ್ 2015ರ ಜೂನ್‌ನಲ್ಲಿ ಹೇಳಿತು, ಡಿಸೆಂಬರ್ ಮೊದಲ ವಾರದಲ್ಲಿ ಮಾಡಿತು. ಅದೇ ಆ್ಯಪಲ್ 2010ರಲ್ಲಿ ಫೇಸ್‌ಟೈಮ್ ಎಂಬ ವಿಡಿಯೋ ಕರೆ ಸೌಲಭ್ಯವನ್ನು ಎಲ್ಲರೂ ಬಳಸಬಹುದಾದ ಮುಕ್ತ ಮಾನದಂಡ ಮಾಡುತ್ತೇವೆಂದು ವೇದಿಕೆಯ ಮೇಲೆ ಹೇಳಿತ್ತು. ಅದು ಇಂದಿಗೂ ಆಗಿಲ್ಲ. ಒಂದೇ ಕಂಪನಿ, ಎರಡೂ ಬಹಿರಂಗವಾಗಿ ಕೊಟ್ಟ ಮಾತು. ಸ್ವಿಫ್ಟ್ ಹರಡಿದಷ್ಟೂ ಆ್ಯಪಲ್‌ಗೆ ಲಾಭ, ಫೇಸ್‌ಟೈಮ್ ತನ್ನ ಫೋನಿನಲ್ಲಿ ಮಾತ್ರ ಇದ್ದಷ್ಟೂ ಲಾಭ. ಮಾತನ್ನು ತೂಗುವ ಬದಲು ಲಾಭವನ್ನು ತೂಗಿ ನೋಡಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಕೋಡ್ ಬಂದರೂ ಬಾರದಂತೆಯೇ ಆಗುವ ಪ್ರಸಂಗ. ಇದಕ್ಕೆ ತೀರಾ ಹಿಂದೆ ಹೋಗಬೇಕಿಲ್ಲ. ಒಂದು ಕಾಲದಲ್ಲಿ ಎಂಪಿ3 ಹಾಡು ಕೇಳುವವರೆಲ್ಲರ ಕಂಪ್ಯೂಟರಿನಲ್ಲಿ ಇರುತ್ತಿದ್ದ ವಿನ್ಆ್ಯಂಪ್‌ನ ಒಡೆಯರು 2024ರ ಮೇ ತಿಂಗಳಿನಲ್ಲಿ ಕೋಡನ್ನು ತೆರೆಯುತ್ತೇವೆ ಎಂದರು. ಹೇಳಿದಂತೆ ಸೆಪ್ಟೆಂಬರಿನಲ್ಲಿ ತೆರೆದರು. ಜೊತೆಗಿದ್ದ ಪರವಾನಗಿಯನ್ನು ಓದಿದವರು ಹಣೆ ಚಚ್ಚಿಕೊಂಡರು: ಕೋಡ್ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಯಾರಿಗೂ ಹಂಚುವಂತಿಲ್ಲ. ನಿಮ್ಮ ಬೆವರು, ನಮ್ಮ ಸರಕು ಎಂಬ ವ್ಯವಸ್ಥೆ. ಸಾಲದ್ದಕ್ಕೆ ಡಾಲ್ಬಿಯಂಥ ಬೇರೆ ಕಂಪನಿಗಳ ಕೋಡೂ ಆ ರಾಶಿಯಲ್ಲಿ ಸೇರಿಕೊಂಡಿತ್ತು. ಸಹಿ ಹಾಕದ ಪಾಲುದಾರರು ಇಲ್ಲಿಯೂ ಇದ್ದರು. ಅಕ್ಟೋಬರ್ ಮುಗಿಯುವ ಮುನ್ನವೇ ಇಡೀ ಕೋಡನ್ನು ಹಿಂದಕ್ಕೆ ಎಳೆದುಕೊಂಡರು. ಸರಿಯಾದ ಮುಕ್ತ ಪರವಾನಗಿಯಾಗಿದ್ದರೆ ಹೀಗೆ ಹಿಂತೆಗೆಯುವುದು ಸುಲಭವಿರುತ್ತಿರಲಿಲ್ಲ. ಸನ್ ಕಂಪನಿಯನ್ನು ಕೊಂಡ ಒರಾಕಲ್ 2010ರಲ್ಲಿ ಓಪನ್ ಸೋಲಾರಿಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ನಿಲ್ಲಿಸಿತು, ಆದರೆ 2005ರಿಂದ ಆ ತನಕ ಹೊರಬಂದಿದ್ದ ಕೋಡ್ ಜನರ ಬಳಿಯೇ ಉಳಿಯಿತು. ಅದು ಇಲ್ಯೂಮಾಸ್ ಎಂಬ ಹೆಸರಿನಲ್ಲಿ ಇಂದಿಗೂ ಬದುಕಿದೆ.

ಹಾಗಾದರೆ ಕಂಪನಿಯಿಂದ ಕೋಡ್ ಪಡೆಯಲು ಬಳಕೆದಾರರು ಏನೂ ಮಾಡಲಾರರೇ ಎಂದು ಕೇಳಿದರೆ ನಾನು ಬ್ಲೆಂಡರ್ ಕಡೆಗೆ ಕೈ ತೋರಿಸುತ್ತೇನೆ. ನೆದರ್ಲೆಂಡ್ಸ್‌ನ ಆ ಮೂರು ಆಯಾಮದ ಚಿತ್ರಣ ತಂತ್ರಾಂಶದ ಕಂಪನಿಯನ್ನು ಹಣ ಹೂಡಿದವರು 2002ರ ಆರಂಭದಲ್ಲಿ ಮುಚ್ಚಿಸಿದರು. ತಂತ್ರಾಂಶದ ಕರ್ತೃ ಟಾನ್ ರೋಸೆಂಡಾಲ್ ಹೂಡಿಕೆದಾರರ ಮನೆಬಾಗಿಲಲ್ಲಿ ಕಾಯುತ್ತ ನಿಲ್ಲದೆ, ಎಷ್ಟಕ್ಕೆ ಕೊಡುತ್ತೀರಿ ಎಂದು ಬೆಲೆ ಕೇಳಿದರು. ಒಂದು ಲಕ್ಷ ಯೂರೋ ಎಂದರು. ಜುಲೈನಲ್ಲಿ ಚಂದಾ ಎತ್ತಲು ಶುರುಮಾಡಿ ಏಳು ವಾರಗಳಲ್ಲಿ ಅಷ್ಟನ್ನೂ ಕೂಡಿಸಿದರು, ಅಕ್ಟೋಬರ್ 13ರಂದು ಕೋಡ್ ಜಿಪಿಎಲ್ ಅಡಿ ಹೊರಬಂತು. ಪೂರ್ತಿ ಬ್ಲೆಂಡರಿನಲ್ಲೇ ಮಾಡಿದ ಲಾಟ್ವಿಯಾದ ಒಂದು ಅನಿಮೇಷನ್ ಚಿತ್ರ 2025ರಲ್ಲಿ ಆಸ್ಕರ್ ಗೆದ್ದಿತು. ಬೆಲೆ ಹೇಳಿಸಿಕೊಳ್ಳುವುದು ಮನವಿ ಸಲ್ಲಿಸುವುದಕ್ಕಿಂತ ಎಷ್ಟೋ ವಾಸಿ ಎಂಬುದು ನನ್ನ ಅಭಿಪ್ರಾಯ. ಸಹಿ ಸಂಗ್ರಹಿಸುವವರಿಗೆ ಇದು ರುಚಿಸುವುದಿಲ್ಲ.

ಕನ್ನಡಿಗರಾದ ನಮಗೆ ತಡವಾಗಿಯಾದರೂ ಲಾಭ ತಂದ ಒಂದು ಬಿಡುಗಡೆಯನ್ನು ಹೇಳದಿದ್ದರೆ ಮಾತು ಏಕಪಕ್ಷೀಯವಾಗುತ್ತದೆ. ಮುದ್ರಿತ ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್ ಎಂಬ ತಂತ್ರಾಂಶವನ್ನು ಎಚ್‌ಪಿ ಕಂಪನಿಯ ಪ್ರಯೋಗಾಲಯದಲ್ಲಿ ಎಂಬತ್ತರ ದಶಕದ ನಡುವಿನಿಂದ 1994ರವರೆಗೆ ಬೆಳೆಸಿದರು. 1995ರಲ್ಲಿ ನೆವಾಡಾ ವಿಶ್ವವಿದ್ಯಾಲಯದ ಲಾಸ್ ವೇಗಸ್ ಕೇಂದ್ರ ನಡೆಸಿದ ಪರೀಕ್ಷೆಯಲ್ಲಿ ಅದು ಅಗ್ರಪಂಕ್ತಿಯಲ್ಲಿ ನಿಂತಿತು. ಬಳಿಕ ಹತ್ತು ವರ್ಷ ಅದರ ಸುದ್ದಿಯೇ ಇಲ್ಲ, ಕೋಡ್ ಕಪಾಟು ಸೇರಿತು. 2005ರಲ್ಲಿ ಎಚ್‌ಪಿ ಅದನ್ನು ಮುಕ್ತವಾಗಿ ಬಿಟ್ಟಿತು, ಮುಂದಿನ ವರ್ಷದಿಂದ ಗೂಗಲ್ ಬೆಂಬಲ ಕೊಟ್ಟಿತು. ಹುಟ್ಟುವಾಗ ಇಂಗ್ಲಿಷ್ ಮಾತ್ರ ಬಲ್ಲ ಆ ತಂತ್ರಾಂಶ ಇಂದು ಕನ್ನಡವನ್ನೂ ಓದುತ್ತದೆ. 2018ರಲ್ಲಿ ಬಂದ ನಾಲ್ಕನೆಯ ಆವೃತ್ತಿಯ ಬಳಿಕ ಒತ್ತಕ್ಷರಗಳಲ್ಲಿ ಎಡವುವುದು ಕಡಿಮೆಯಾಗಿದೆ, ನಿಂತಿಲ್ಲ. ಆ ಹತ್ತು ವರ್ಷ ಕಪಾಟಿನಲ್ಲಿ ಕೊಳೆಯದಿದ್ದರೆ ಎಂದು ಹೊಟ್ಟೆ ಉರಿಯುತ್ತದೆ. ಆದರೆ ಎಚ್‌ಪಿ ಬಿಡುತ್ತದೆಂದು ಯಾರೂ ಕಾಯುತ್ತಿರಲಿಲ್ಲ ಎಂಬುದನ್ನು ಗಮನಿಸಿ.

ನನ್ನನ್ನು ಕೇಳುವವರಲ್ಲಿ ಡಿಟಿಪಿ ಅಂಗಡಿಯವರು, ಸಣ್ಣ ಪ್ರಕಾಶಕರು ಹೆಚ್ಚು. ಅವರ ತೊಂದರೆಯೇ ಬೇರೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಗೊತ್ತಾದ ಸಂಖ್ಯೆ ಕೊಡುವ ಯುನಿಕೋಡ್ ಬರುವ ಮೊದಲಿನ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ತಮಗೆ ತೋಚಿದಂತೆ ಇಟ್ಟುಕೊಂಡಿದ್ದವು. ಆಯಾ ಫಾಂಟ್ ಇಲ್ಲದಿದ್ದರೆ ಇಡೀ ಪುಸ್ತಕ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ತಂತ್ರಾಂಶ ಮಾಡಿದವರು ಕೋಡ್ ಬಿಟ್ಟರೆ ಹಳೆಯ ಕಡತಗಳನ್ನು ಸರಿಪಡಿಸಿಕೊಳ್ಳಬಹುದು ಎಂದು ಇವರು ಕಾಯುತ್ತಾರೆ. ಅದರ ಅಗತ್ಯವಿಲ್ಲ. ಯಾವ ಸಂಖ್ಯೆಗೆ ಯಾವ ತುಂಡು ಎಂಬುದನ್ನು ಫಾಂಟ್ ತೆರೆದು ನೋಡಿದರೆ ಗೊತ್ತಾಗುತ್ತದೆ. ನಮ್ಮ ಸ್ವಯಂಸೇವಕರು ಹಾಗೆಯೇ ಪಟ್ಟಿ ಮಾಡಿ, ನುಡಿ ಮತ್ತು ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಕಡತಗಳನ್ನು ಯುನಿಕೋಡ್‌ಗೆ ತರುವ ಪರಿವರ್ತಕಗಳನ್ನು ಬರೆದರು, ಅವುಗಳ ಕೋಡನ್ನೂ ಎಲ್ಲರಿಗೂ ಬಿಟ್ಟರು. ಅರ್ಕಾವತ್ತು ತಪ್ಪಾದ ಜಾಗದಲ್ಲಿ ಕೂರುವುದು, ಅಪರೂಪದ ಒತ್ತಕ್ಷರ ಮಾಯವಾಗುವುದು ಇನ್ನೂ ಇದೆ, ಕರಡು ತಿದ್ದುವ ಕೆಲಸ ತಪ್ಪುವುದಿಲ್ಲ. ನಿಮ್ಮ ಬಳಿ ಅಂಥ ಕಡತಗಳಿದ್ದರೆ ಈ ತಿಂಗಳೇ ಪರಿವರ್ತಿಸಿ, ಮೂಲ ಕಡತವನ್ನೂ ಆ ಫಾಂಟನ್ನೂ ಜೊತೆಗೇ ಕಾಪಿಟ್ಟುಕೊಳ್ಳಿ. ಫಾಂಟ್ ಕಳೆದುಹೋದರೆ ಪರಿವರ್ತಕ ಮಾಡಿದ ತಪ್ಪನ್ನು ಹಿಡಿಯಲು ದಾರಿ ಇರುವುದಿಲ್ಲ.

ಇಷ್ಟು ಕೇಳಿಯೂ “ಇಲ್ಲ ಸರ್, ನಮಗೆ ಆ ತಂತ್ರಾಂಶವೇ ಬೇಕು, ಕಾಯುತ್ತೇವೆ” ಎನ್ನುವವರು ಇರುತ್ತಾರೆ. ಕಾಯಲಿ. ಕೋಡ್ ಬಂದ ದಿನ ಮೊದಲು ಪರವಾನಗಿಯ ಕಡತವನ್ನು ತೆರೆದು, ತಿದ್ದಿದ್ದನ್ನು ಹಂಚಬಹುದೇ ಎಂಬ ಸಾಲನ್ನು ಹುಡುಕಿ, ಆಮೇಲೆ ನನಗೆ ಫೋನ್ ಮಾಡಿ ಎಂದು ಹೇಳಿ ಕಳುಹಿಸುತ್ತೇನೆ.